ಗೆಳತಿಯ ಹೊಲದ ಹಕ್ಕಲು

ಆ ದಿನವೂ ನಮ್ಮ ಬೀದಿಗೆ ಎಲ್ಲರಿಗಿಂತ ಮೊದಲು ಬಂದದ್ದು ಹಿಂಡಿಯ ವಾಸನೆ. ಚಳ್ಳಕೆರೆಯಲ್ಲಿ ಶೇಂಗಾ ಸುಗ್ಗಿ ಶುರುವಾಯಿತೆಂದರೆ ಎಣ್ಣೆ ಮಿಲ್ಲಿನ ಆಸುಪಾಸಿನ ಮನೆಗಳಿಗೆ ಕ್ಯಾಲೆಂಡರ್ ಬೇಕಾಗುವುದಿಲ್ಲ. ಹಾಲಿನವನು ಗೇಟು ಬಡಿಯುವ ಮುಂಚೆಯೇ ಆ ಬೆಚ್ಚನೆಯ ವಾಸನೆ ಕಿಟಕಿಯ ಸಂದಿನಿಂದ ಒಳಗೆ ಬಂದು, ಮನೆಯ ಹಿರಿಯರ ಹಾಗೆ ನಡುಮನೆಯಲ್ಲಿ ಕೂತುಬಿಟ್ಟಿರುತ್ತದೆ. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಅದಕ್ಕೆ ನನಗೆ ತಲೆನೋವು ಬರುತ್ತಿತ್ತು. ಈಗ ಮಿಲ್ಲಿಗೆ ರಜೆಯಿದ್ದ ದಿನ, ಏನನ್ನೋ ಒಲೆಯ ಮೇಲಿಟ್ಟು ಮರೆತವಳಂತೆ ಚಡಪಡಿಸುತ್ತೇನೆ.

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಸ್ನಾನವಾಯಿತು. ಯಜಮಾನರ ಲಿಂಗಪೂಜೆಗೆ ವಿಭೂತಿ, ಪತ್ರೆ ತೆಗೆದಿಟ್ಟು, ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿದೆ. ಬಾಣಲೆಗೆ ಎಣ್ಣೆ ಬಿಡುವಾಗ ನಾನು ಅಳತೆ ನೋಡುವವಳಲ್ಲ. "ಎಣ್ಣೆ ಮಿಲ್ಲಿನೋರ ಮನ್ಯಾಗೆ ಒಗ್ಗರಣೆಗೆ ಕೈ ಬಿಗಿ ಹಿಡಿದ್ರೆ ಸೌಟೂ ನಗ್ತೈತೆ" ಎಂದು ನಮ್ಮ ಅತ್ತೆ ನಾನು ಬಂದ ಹೊಸದರಲ್ಲೇ ಹೇಳಿಕೊಟ್ಟಿದ್ದರು. ಸಾಸಿವೆ ಸಿಡಿಯಿತು, ಕರಿಬೇವು ಚುರ್ ಎಂದಿತು. ದಿನವೂ ಕೇಳುವ ಸದ್ದು. ಅದನ್ನು ಸದ್ದೆಂದು ನಾನು ಎಂದೂ ಕೇಳಿಸಿಕೊಂಡಿರಲಿಲ್ಲ.

"ಬ್ಯಾಗು ಬಾಗಿಲ ಹತ್ರ ಬಂದು ಕೂತೈತೆ. ಎಲ್ಲಿಗೆ ಸವಾರಿ?" ಎಂದರು ಯಜಮಾನರು, ತಟ್ಟೆಯಿಂದ ಕಣ್ಣೆತ್ತದೆ.

"ದೇವಸಮುದ್ರದ ಕಡೆ. ಗೆಳತಿ ಶೇಂಗಾ ಕೀಳಿಸಿದಾಳಂತೆ, ನೋಡಿಕೊಂಡು ಹೋಗು ಬಾ ಅಂದಿದಾಳೆ."

"ಆ ಸನ್ಯಾಸಿನಿ ಮನೆಗಾ! ಹಂಗಾದ್ರೆ ಇನ್ನೊಂದು ತಟ್ಟೆ ಮಂಡಕ್ಕಿ ತಿಂದ್ಕಂಡೇ ಹೋಗು. ಅಲ್ಲಿ ಅಂಬಲಿ ಕುಡಿಸಿ, ಗಾಳಿ ತೋರಿಸಿ ಕಳಿಸ್ತಾರೆ."

ನಗಬಾರದೆಂದುಕೊಂಡೂ ನಕ್ಕುಬಿಟ್ಟೆ. ಉಪ್ಪಿನಕಾಯಿಯ ಒಂದು ಭರಣಿಯನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಳ್ಳಾರಿ ಬಸ್ಸು ಹಿಡಿದೆ.

ಗೆಳತಿ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಬೆಂಚು. ಅವಳ ತಂದೆಯದು ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಹಬ್ಬಕ್ಕೊಂದು ಹೊಸ ಫ್ರಾಕು ತೊಟ್ಟು ಬರುತ್ತಿದ್ದಳು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅವರ ಬಿಳಿ ನಿಲುವಂಗಿಯ ತೋಳು ಅಂಚಿನಲ್ಲಿ ಸವೆದಿತ್ತು. ಆ ಸವೆದ ಜಾಗಕ್ಕೆ ಅವರೇ ಹಾಕಿಕೊಂಡಿದ್ದ ಹೊಲಿಗೆಗಳು ಇರುವೆ ಸಾಲಿನಷ್ಟು ಸಣ್ಣಗೆ, ಒಂದರ ಹಿಂದೊಂದು ಅಚ್ಚುಕಟ್ಟಾಗಿ ಹೋಗುತ್ತಿದ್ದವು. ಒಂದು ದಿನ ಇವಳು ಎದ್ದು ನಿಂತು, "ಸಿಸ್ಟರ್, ನಮ್ಮಂಗಡಿಯಿಂದ ನಿಮಗೆ ಬಟ್ಟೆ ತಂದುಕೊಡ್ಲಾ?" ಎಂದುಬಿಟ್ಟಳು. ಕ್ಲಾಸಿಗೆ ಕ್ಲಾಸೇ ಉಸಿರು ಹಿಡಿದಿತ್ತು. ಸಿಸ್ಟರ್ ನಕ್ಕರು. "ನನಗೆ ಬೇಡ ಮಗು, ಇಷ್ಟೇ ಸಾಕು ಅಂತ ನಾನೇ ಅಂದ್ಕೊಂಡಿದೀನಿ" ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ನಾವು ಅದನ್ನೇ ಮಾತಾಡಿದೆವು. ಹೊಸ ಬಟ್ಟೆ ಬೇಡ ಎನ್ನುವವರೂ ಲೋಕದಲ್ಲಿ ಇರುತ್ತಾರೆಯೇ?

ನಾನು ಆ ಮಾತನ್ನು ಮರೆತೆ. ಅವಳು ಮರೆಯಲಿಲ್ಲವೇನೋ. ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನಲ್ಲಿದ್ದವರು, ಮೂರು ಊರು ಸುತ್ತಿ, ಇನ್ನೂ ಸರ್ವಿಸ್ ಇರುವಾಗಲೇ ಕೆಲಸ ಬಿಟ್ಟು, ರಾಂಪುರದಿಂದ ದೇವಸಮುದ್ರಕ್ಕೆ ಹೋಗುವ ದಾರಿಯಲ್ಲಿ ಒಂದು ಹೊಲ ಕೊಂಡು, ಅಲ್ಲೇ ಮಣ್ಣಿನ ಮನೆ ಕಟ್ಟಿಕೊಂಡರು. ಚಳ್ಳಕೆರೆ ಪೇಟೆ ಅದನ್ನು ನಂಬಲಿಲ್ಲ. "ಏನೋ ಲಾಸ್ ಆಗಿರಬೇಕು, ಹೇಳ್ಕಳ್ಳಲ್ಲ ಪಾಪ" ಎಂದರು ಕೆಲವರು. ಅವಳ ಸೋದರತ್ತೆಯೊಬ್ಬರಂತೂ ಮದುವೆ ಮನೆಯಲ್ಲಿ ನನ್ನ ಕೈ ಹಿಡಿದು, "ಅವಳಿಗೆ ಹೊಟ್ಟೆಗೆ ಸರಿಯಾಗಿ ಐತಾ ಇಲ್ವಾ, ನೀನು ನೋಡಿದೀಯಲ್ಲ, ನಿಜ ಹೇಳು" ಎಂದು ಕಣ್ಣೀರಿಟ್ಟರು. ಬೇಕೆಂದೇ ಕಡಿಮೆ ಮಾಡಿಕೊಂಡು ಬದುಕಬಹುದು ಎನ್ನುವುದು ವ್ಯಾಪಾರದ ಊರಿಗೆ ಅರ್ಥವಾಗುವುದು ಕಷ್ಟ.

ನನಗಂತೂ ಅಲ್ಲಿಗೆ ಹೋಗುವುದೆಂದರೆ ಹಬ್ಬ. ಬಸ್ಸು ತಳಕು ದಾಟಿತೆಂದರೆ ಕಣ್ಣಿಗೆ ಬಯಲು ಬಿಚ್ಚಿಕೊಳ್ಳುತ್ತದೆ. ಬಂಡೆ ಗುಡ್ಡ, ಗುಡ್ಡದ ಮೇಲೆ ನಿಧಾನವಾಗಿ ತಿರುಗುವ ಗಾಳಿಯ ರೆಕ್ಕೆಗಳು, ಕೆಳಗೆ ಕಿತ್ತು ಸಾಲುಸಾಲಾಗಿ ಒಣಹಾಕಿದ ಶೇಂಗಾ ಗಿಡಗಳು. ರಸ್ತೆಯ ಅಂಚಿನ ಡಾಂಬರಿನ ಮೇಲೂ ಕಾಯಿ ಹರವಿದ್ದರು. ಡ್ರೈವರು ಬೈದುಕೊಂಡೇ, ಆದರೆ ಒಂದು ಕಾಯಿಯೂ ಚಕ್ರಕ್ಕೆ ಸಿಗದ ಹಾಗೆ ಬಸ್ಸನ್ನು ಬಳಸಿ ಹೊಡೆದ.

ರಾಂಪುರದಲ್ಲಿ ಇಳಿದು ಆಟೋದಲ್ಲಿ ಹೋಗಿ ಸೇರುವಾಗ ಬಿಸಿಲು ಏರಿತ್ತು. ಗೆಳತಿ ಬಾಗಿಲಲ್ಲೇ ನಿಂತಿದ್ದಳು. ಸೊಂಟಕ್ಕೆ ಸೆರಗು ಬಿಗಿದಿದ್ದಳು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಅವಳ ಪಕ್ಕದಲ್ಲಿ ಕಂದು ಬಣ್ಣದ ನಾಯಿ ನನ್ನನ್ನು ನೋಡಿ ಒಂದೇ ಸಮ ಬೊಗಳಿತು.

"ಇದು ಬ್ಯಾಗು ಹಿಡಿದೋರಿಗೆಲ್ಲ ಬೊಗಳ್ತದೆ ಕಣೇ. ಬುಟ್ಟಿ ಹಿಡಿದೋರಿಗೆ ಇನ್ನೂ ಜಾಸ್ತಿ. ಬಾ ಒಳಗೆ, ನೀರು ಕುಡಿ, ಕಾಫಿ ಇಡ್ತೀನಿ."

ಅವಳ ಮನೆ ಎರಡೇ ಅಂಕಣದ ಮಾಳಿಗೆ ಮನೆ. ಬೇವಿನ ತೊಲೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಆ ಕಿಂಡಿಯಿಂದ ಬಿದ್ದ ಬಿಸಿಲು ಬೆಳಿಗ್ಗೆ ನೀರಿನ ಕೊಡದ ಮೇಲಿರುತ್ತದೆ, ಮಧ್ಯಾಹ್ನಕ್ಕೆ ಒಲೆಯ ಹತ್ತಿರ ಬರುತ್ತದೆ, ಸಂಜೆಗೆ ಗೋಡೆ ಹತ್ತುತ್ತದೆ. ಮನೆಯಲ್ಲಿ ಗಡಿಯಾರವಿಲ್ಲ. ಗೂಟಕ್ಕೆ ನಾಲ್ಕು ಸೀರೆ ಮಡಿಚಿ ನೇತುಹಾಕಿದ್ದಳು, ನಾಲ್ಕೂ ಒಂದೇ ಅಗಲದ ಮಡಿಕೆ. ಅವಳು ಒಂದು ಲೋಟವನ್ನು ತೊಳೆದು ಬೋರಲು ಹಾಕುವುದನ್ನು ನೋಡುವುದೇ ನನಗೆ ಇಷ್ಟ; ಅವಸರವಿಲ್ಲ, ಸದ್ದಿಲ್ಲ, ಆ ಲೋಟ ಇನ್ನೊಬ್ಬರದೇನೋ ಎಂಬಷ್ಟು ಜೋಪಾನ. ನಮ್ಮ ಮನೆಯ ಬೀರುಗಳಲ್ಲಿ ತುಂಬಿರುವುದನ್ನೆಲ್ಲ ನೆನೆದುಕೊಂಡು, ನಾನು ಅಲ್ಲಿ ಪ್ರತಿಸಲವೂ ಸ್ವಲ್ಪ ಹಗುರಾಗಿ ಉಸಿರಾಡುತ್ತೇನೆ.

ಹೊಲ ಕೊಂಡ ಮೊದಲ ವರ್ಷಗಳಲ್ಲಿ ಅವರು ಅದನ್ನು ರಾಂಪುರದ ರೈತರೊಬ್ಬರಿಗೆ ಗುತ್ತಿಗೆಗೆ ಬಿಟ್ಟಿದ್ದರು. ಈ ಸಲದ್ದು ತಾವೇ ಬಿತ್ತಿ, ಕಳೆ ತೆಗೆದು ಬೆಳೆದ ಮೊದಲ ಬೆಳೆ. ಅಂಗಳದಲ್ಲಿ ಗಿಡದಿಂದ ಬಿಡಿಸಿದ ಕಾಯಿಯ ರಾಶಿ ಇತ್ತು. ಅದರ ಪಕ್ಕದಲ್ಲಿ, ಚೀಲದ ಮೇಲೆ, ಇನ್ನೊಂದು ಚಿಕ್ಕ ಗುಡ್ಡೆ. ಇದರ ಕಾಯಿಗಳಿಗೆ ಮಣ್ಣು ಮೆತ್ತಿತ್ತು, ಕೆಲವು ಸೊಟ್ಟಗೆ, ಕೆಲವು ಮೊಳಕೆಯೊಡೆದಿದ್ದವು.

"ಇದೇನೇ ಬೇರೆ?"

"ಅದು ನಾನೊಬ್ಬಳೇ ಆರಿಸಿದ್ದು!" ಎಂದಳು. ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯ ಹಿಗ್ಗು. "ಗಿಡ ಕಿತ್ತ ಮೇಲೂ ಎಷ್ಟು ಕಾಯಿ ಮಣ್ಣಲ್ಲಿ ಉಳೀತವೆ ಗೊತ್ತಾ? ಕುಂಟೆ ಹೊಡೆಸಿದ್ರೆ ಮೇಲೆ ಬರ್ತವೆ. ದಿನಾ ಬೆಳಿಗ್ಗೆ ಒಂದೊಂದು ಸಾಲು ಆರಿಸ್ತಿದೀನಿ. ಅರ್ಧ ಹೊಲ ಆಯ್ತು. ಒಂದು ಕಾಯಿನೂ ಮಣ್ಣಲ್ಲಿ ಬಿಡಲ್ಲ ಕಣೇ. ಭೂಮಿ ಕೊಟ್ಟಿದ್ದನ್ನ ದಂಡ ಮಾಡಬಾರದು. ಬಾ, ನೀನೂ ಕೈ ಹಾಕು."

ನನಗೆ ಒಂದು ಬಿದಿರಿನ ಪುಟ್ಟಿ, ಒಂದು ಸಣ್ಣ ಗುದ್ದಲಿ ಕೊಟ್ಟಳು. ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತೆವು. ಕೆಂಪು ಮಣ್ಣು ಕೆದಕಿದರೆ ಒಳಗಿಂದ ತಣ್ಣನೆಯ ವಾಸನೆ. ಬೆರಳಿಗೆ ಕಾಯಿ ಸಿಕ್ಕಾಗ ಆಗುವ ಸಂತೋಷ ಹೇಳತೀರದು; ಮಕ್ಕಳು ಬಚ್ಚಿಟ್ಟದ್ದನ್ನು ಹುಡುಕಿದ ಹಾಗೆ. ಬೆನ್ನಿಗೆ ಬಿಸಿಲು ಬಿದ್ದದ್ದೂ ತಿಳಿಯಲಿಲ್ಲ. ಗೆಳತಿ ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು, ಮಣ್ಣು ಉದುರಿಸಿ, ಒಂದು ಗಳಿಗೆ ನೋಡಿ, ಆಮೇಲೆ ಪುಟ್ಟಿಗೆ ಹಾಕುತ್ತಿದ್ದಳು. ಅವಳ ಉಗುರ ಸಂದಿಯಲ್ಲಿ ಹೋಗದ ಹಾಗೆ ಮಣ್ಣು ಕೂತಿತ್ತು. ಆ ಕೈ ನೋಡಿ ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ನಾಯಿ ಬದುವಿನ ಕಡೆ ಓಡಿ ಬೊಗಳತೊಡಗಿತು. ತಲೆಯೆತ್ತಿದೆ. ಆಚೆ ಬದುವಿನ ಮೇಲೆ ಐದಾರು ಹೆಂಗಸರು ನಿಂತಿದ್ದರು. ಆ ದಾರಿಯ ಕೊನೆಯಲ್ಲಿ ಕುರಿ ಸಾಕುವವರ ಹಟ್ಟಿಯಿದೆ, ಅಲ್ಲಿಯವರು. ಸೊಂಟದ ಮೇಲೆ ಪುಟ್ಟಿ, ಕೈಯಲ್ಲಿ ಸಣ್ಣ ಗುದ್ದಲಿ. ನಮ್ಮನ್ನೇ ನೋಡುತ್ತಿದ್ದರು. ಒಬ್ಬಳು ಏನೋ ಅಂದಳು, ಇನ್ನೊಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಎಲ್ಲರೂ ಬಂದ ದಾರಿಯಲ್ಲೇ ತಿರುಗಿ ಹೋದರು.

"ಕೂಲಿ ಕೇಳೋಕೆ ಬಂದಿದ್ರೇನೋ ಪಾಪ," ಎಂದಳು ಗೆಳತಿ. "ಬೇವಿನ ಮರದ ಕಡೆ ತುಂಡು ಮಾತ್ರ ಕೀಳೋದು ಬಾಕಿ ಐತೆ. ಅದಕ್ಕೆ ನಾಳಿದ್ದು ಕರೀತೀನಿ ಅಂದಿದ್ನಲ್ಲ."

ಇರಬಹುದು ಎಂದುಕೊಂಡೆ. ಆದರೆ ಕೂಲಿಗೆ ಹೊರಟ ಹೆಂಗಸರ ಕೈಯಲ್ಲಿ ಬುತ್ತಿ ಗಂಟಿರುತ್ತದೆ, ನೀರಿನ ಬಾಟಲಿ ಇರುತ್ತದೆ. ಇವರ ಹತ್ತಿರ ಅದಾವುದೂ ಇರಲಿಲ್ಲ. ಬರೀ ಖಾಲಿ ಪುಟ್ಟಿ.

ಮಧ್ಯಾಹ್ನದ ಊಟಕ್ಕೆ ಪಕ್ಕದ ಮನೆಯಾಕೆ ಕರೆದಿದ್ದಳು. ಹಟ್ಟಿಯ ಮೊದಲ ಮನೆ ಆಕೆಯದು. ಗಂಡ ಕುರಿ ಹೊಡೆದುಕೊಂಡು ದೂರದ ಬಯಲಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಉಳಿದ ಹತ್ತಿಪ್ಪತ್ತು ಕುರಿಮರಿಗಳನ್ನು ಈಕೆ ನೋಡಿಕೊಂಡು, ಸಿಕ್ಕ ದಿನ ಕೂಲಿಗೆ ಹೋಗುತ್ತಾಳೆ. ನಾವು ಬರುವುದನ್ನು ನೋಡಿ ಹೊರಗೆ ಬಂದವಳು ಮೊದಲು ನಮ್ಮ ಹಿಂದೆ ಬಂದ ನಾಯಿಯನ್ನು "ಪೋ! ಪೋರಾ!" ಎಂದು ತೆಲುಗಿನಲ್ಲಿ ಗದರಿದಳು. ನಾಯಿ ಬಾಲ ಮಡಚಿಕೊಂಡು ಕೂತಿತು.

"ನಮ್ಮ ಮಾತು ಕೇಳೋದೇ ಇಲ್ಲ ಅದು," ಎಂದಳು ಗೆಳತಿ.

"ನೀವು ಅದಕ್ಕೆ ಬುಕ್ಕಿನ ಕನ್ನಡ ಮಾತಾಡ್ತೀರಿ ಅಮ್ಮಾರೆ. ಅದು ಹಟ್ಟಿ ನಾಯಿ. ಬರ್ರಿ ಅಕ್ಕಾರೆ, ಕೂತ್ಕಳ್ರಿ."

ಒಳಗೆ ಕಾಲಿಟ್ಟಾಗ ನನಗೆ ಒಂದು ಕ್ಷಣ ಗೆಳತಿಯ ಮನೆಗೇ ವಾಪಸು ಬಂದೆನೇನೋ ಅನ್ನಿಸಿತು. ಅದೇ ಎರಡು ಅಂಕಣ, ಅದೇ ತೊಲೆ, ಅದೇ ಬೆಳಕಿಂಡಿ. ಕಿಂಡಿಗೆ ಮಾತ್ರ ಗಾಜಿನ ಬದಲು ಒಂದು ತಗಡು ಮುಚ್ಚಿ, ಮೇಲೆ ಕಲ್ಲು ಹೇರಿದ್ದರು. ನಾನು ಮೇಲೆ ನೋಡುತ್ತಿದ್ದುದನ್ನು ಆಕೆ ಕಂಡಳು.

"ಎರಡೂ ಒಂದೇ ಥರ ಅವಲ್ರಿ? ನಿಮ್ಮ ಗೆಳತೇರು ದುಡ್ಡು ಹಾಕಿ ನಮ್ಮನೆ ಥರ ಕಟ್ಟಿಸ್ಕಂಡ್ರು. ನಮ್ಮತ್ರ ದುಡ್ಡಿದ್ದಿದ್ರೆ ನಾವು ನಿಮ್ಮ ಪ್ಯಾಟೆ ಮನೆ ಥರ ಸಿಮೆಂಟ್ ಮೋಲ್ಡ್ ಹಾಕ್ಸಿ ಕಟ್ಟಿಸ್ತಿದ್ವಿ." ಹೇಳಿ ತಾನೇ ಜೋರಾಗಿ ನಕ್ಕಳು. ಗೆಳತಿಯೂ ನಕ್ಕಳು. ಅವರಿಬ್ಬರ ನಡುವೆ ಇದು ಹಳೆಯ ತಮಾಷೆ ಎಂದು ತಿಳಿಯಿತು.

ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಸುಟ್ಟ ಮೆಣಸಿನಕಾಯಿ, ಈರುಳ್ಳಿ. ಮುದ್ದೆ ಬೆಣ್ಣೆಯ ಹಾಗೆ ನುಣ್ಣಗಿತ್ತು. ಸಾರಿನ ಮೇಲೆ ಎಣ್ಣೆಯ ಒಂದು ಚುಕ್ಕೆಯೂ ಇರಲಿಲ್ಲ.

"ಒಗ್ಗರಣೆ ಇಲ್ಲ ಅಂತ ಬೇಜಾರು ಮಾಡ್ಕಬ್ಯಾಡ್ರಿ ಅಕ್ಕಾರೆ. ನೀವು ಎಣ್ಣೆ ಊರಿನೋರು."

"ಒಗ್ಗರಣೆ ಇಲ್ಲದ ಸಾರೇ ಒಳ್ಳೇದು," ಎಂದಳು ಗೆಳತಿ, ತೃಪ್ತಿಯಿಂದ. "ನಾವೂ ಎಣ್ಣೆ ಭಾಳ ಕಡಿಮೆ ಮಾಡಿದೀವಿ."

"ನೀವು ಕಡಿಮೆ ಮಾಡೀರಿ. ನಮ್ಮನ್ಯಾಗೆ ಅದೇ ಕಡಿಮೆ ಆಗೈತೆ," ಎಂದು ಆಕೆ ಮತ್ತೆ ನಕ್ಕಳು, ಗೆಳತಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಒಲೆಯ ಪಕ್ಕದ ಗೂಡಿನಲ್ಲಿ ಎಣ್ಣೆಯ ಬಾಟಲಿಯನ್ನು ಒಂದು ಬಟ್ಟಲೊಳಗೆ ಬೋರಲು ನಿಲ್ಲಿಸಿದ್ದಳು. ಬಟ್ಟಲ ತಳ ಒಂದಿಷ್ಟು ಮಿರುಗುತ್ತಿತ್ತು, ಅಷ್ಟೇ. ಬಾಗಿಲ ಹಿಂದೆ ಖಾಲಿ ಪುಟ್ಟಿ, ಸಣ್ಣ ಗುದ್ದಲಿ. ಗುದ್ದಲಿಯ ತುದಿಯಲ್ಲಿ ಮಣ್ಣಿರಲಿಲ್ಲ.

ಊಟವಾದ ಮೇಲೆ ಗೆಳತಿ ನಾಯಿಗೆ ತುತ್ತು ಹಾಕಲು ಹೊರಗೆ ಹೋದಳು. ನಾನು ತಟ್ಟೆ ತೊಳೆಯುವ ನೆಪದಲ್ಲಿ ನಿಂತೆ. ಆಕೆ ಕೊಡಲಿಲ್ಲ, ಕಿತ್ತುಕೊಂಡಳು.

"ಮಗಳು ಹೆರಿಗೆಗೆ ಬರ್ತಾಳಂತೆ?" ಎಂದೆ, ಬರುವಾಗ ಗೆಳತಿ ಹೇಳಿದ್ದು ನೆನಪಾಗಿ.

"ಹ್ಞೂಂರಿ, ಅಮಾಸೆ ಕಳೆದ ಮ್ಯಾಲೆ. ಬಾಣಂತಿಗೆ ಹಿಂಗೆ ನೀರು ಸಾರು ಇಕ್ಕಾಕಾಗ್ತೈತಾ? ವರ್ಷಾ ವರ್ಷಾ ಈ ಹೊತ್ತಿಗೆ ಕಿತ್ತ ಹೊಲ್ದಾಗೆ ಉಳಿದ ಹಕ್ಕಲು ಕಾಯಿ ಆರಿಸಿ, ಗಾಣಕ್ಕೆ ಹಾಕ್ಸಿ, ವರ್ಷದ ಎಣ್ಣೆ ಇಳಿಸ್ಕಂಬಿಡ್ತಿದ್ದೆ."

"ಈ ವರ್ಷ?"

ಆಕೆಯ ಕಣ್ಣು ಬಾಗಿಲ ಕಡೆ ಹೋಗಿ ಬಂತು. ಹೊರಗೆ ಗೆಳತಿ ನಾಯಿಗೆ ಏನೋ ಬುದ್ಧಿ ಹೇಳುತ್ತಿದ್ದಳು. "ಸುತ್ತಲ ಹೊಲದೋರೆಲ್ಲ ಈ ಸಲ ಹತ್ತಿ, ತೊಗರಿ ಹಾಕವ್ರೆ ಅಕ್ಕಾರೆ. ಶೇಂಗಾ ಇದೊಂದೇ ಹೊಲ. ಆಗ್ಲಿ ಬಿಡ್ರಿ, ನೋಡನ," ಎಂದು ಬೂದಿ ಹಾಕಿ ತಟ್ಟೆ ತಿಕ್ಕತೊಡಗಿದಳು. ಆ ದನಿಯಲ್ಲಿ ದೂರಿರಲಿಲ್ಲ. ಮಳೆ ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದಳು.

ಬದುವಿನ ಮೇಲೆ ನಿಂತಿದ್ದ ಖಾಲಿ ಪುಟ್ಟಿಗಳು ಆಗ ನನಗೆ ಅರ್ಥವಾದವು.

ನಮ್ಮ ಅತ್ತೆ ಇದ್ದಾಗ, ಸುಗ್ಗಿ ಮುಗಿಯುತ್ತಿದ್ದ ಹಾಗೆ ಮಿಲ್ಲಿನ ಹಿಂಬಾಗಿಲಿಗೆ ಹಳ್ಳಿಯ ಹೆಂಗಸರು ಹಳೇ ಸೀರೆಯ ಗಂಟು ಹೊತ್ತು ಬರುತ್ತಿದ್ದರು. ಗಂಟಿನಲ್ಲಿ ಮಣ್ಣು ಮೆತ್ತಿದ, ಸೊಟ್ಟ, ಸಣ್ಣ ಕಾಯಿ. "ಹಕ್ಕಲು ಕಾಯಿ ಬಂದ್ವು, ಇನ್ನ ಚಳಿ ಶುರು" ಎನ್ನುತ್ತಿದ್ದರು ಅತ್ತೆ. ಲಾರಿ ಲೋಡು ಕಾಯುತ್ತಿದ್ದರೂ ಅವರ ಗಂಟನ್ನೇ ಮೊದಲು ಅರೆಸಿ ಕಳಿಸುತ್ತಿದ್ದರು. ಹೊಲವಿಲ್ಲದವರ ಬೆಳೆ ಅದು, ಅದನ್ನು ಕಾಯಿಸಬಾರದು ಎಂದು. ಬಟ್ಟೆ ಅಂಗಡಿಯ ಮನೆಯಲ್ಲಿ ಬೆಳೆದು, ಬ್ಯಾಂಕಿನಲ್ಲಿ ದುಡಿದು ಬಂದ ನನ್ನ ಗೆಳತಿಗೆ ಆ ಹಿಂಬಾಗಿಲು ಕಂಡಿರಲು ಸಾಧ್ಯವಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಹೇಳಿದೆ.

"ಲೇ, ಒಂದು ಮಾತು. ಬೇಜಾರು ಮಾಡ್ಕಬಾರದು."

"ಏನು, ನಮ್ಮನೆ ಕಾಫಿ ಚೆನ್ನಾಗಿರಲಿಲ್ವಾ?"

"ಹಕ್ಕಲು ಹೊಲದೋರು ಆರಿಸಲ್ಲ ಕಣೇ. ಅದು ಹೊಲ ಇಲ್ಲದೋರಿಗೆ."

ಅವಳು ನಿಂತಳು. ನಾನು ಬದುವಿನ ಮೇಲಿನ ಹೆಂಗಸರನ್ನು ಹೇಳಿದೆ, ಬೋರಲು ಬಾಟಲಿಯನ್ನು ಹೇಳಿದೆ, ಬಾಣಂತಿ ಮಗಳಿಗೆ ಬೇಕಾದ ಎಣ್ಣೆಯನ್ನು ಹೇಳಿದೆ.

"ಒಂದು ಮಾತು ಕೇಳಬಹುದಿತ್ತಲ್ಲೇ ಅವಳು! ದಿನಾ ಮನೆಗೆ ಬರ್ತಾಳೆ, ದಿನಾ ನಗ್ತಾಳೆ."

"ಹಕ್ಕಲು ಯಾರೂ ಕೇಳಿ ಆರಿಸಲ್ಲ. ಹೊಲದೋರು ರಾಶಿ ಹೊತ್ಕಂಡು ಮನೆಗೆ ಹೋಗಬೇಕು. ಅಷ್ಟಾದ್ರೆ ಹೇಳಿದಂಗೇನೇ. ನೀನು ಹೋಗಲೇ ಇಲ್ವಲ್ಲ, ಅಲ್ಲೇ ಕೂತಿದ್ದೀಯ."

ಗೆಳತಿ ತನ್ನ ಕೈ ನೋಡಿಕೊಂಡಳು. ಉಗುರ ಸಂದಿಯ ಆ ಕೆಂಪು ಮಣ್ಣನ್ನು. ಹೆಬ್ಬೆರಳಿನಿಂದ ಒಂದೊಂದೇ ಉಗುರನ್ನು ಉಜ್ಜಿದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಅದು ಬೇಡ ಇದು ಬೇಡ ಅಂತ ಎಲ್ಲ ಬಿಟ್ಟು ಬಂದು, ಕೊನೆಗೆ ಅವಳ ಪುಟ್ಟಿಗೇ ಕೈ ಹಾಕಿದ್ನಲ್ಲೇ" ಎಂದಳು.

ನಾನು ಅವಳನ್ನು ಅಷ್ಟೊಂದು ಮೆಚ್ಚಿದ್ದು ಆ ಗಳಿಗೆಯಲ್ಲೇ. ನನಗೇನು ಗೊತ್ತಿತ್ತು ಎಂದು ಅವಳು ವಾದ ಮಾಡಲಿಲ್ಲ. ಕೂತು ಅಳಲಿಲ್ಲ. ಸೀದಾ ಅಂಗಳಕ್ಕೆ ಹೋಗಿ ಆ ಚಿಕ್ಕ ಗುಡ್ಡೆಯನ್ನು ಚೀಲಕ್ಕೆ ತುಂಬಿ, ನಾನು ಹಿಡಿಯಲು ಹೋದರೂ ಬಿಡದೆ, ತಾನೇ ಸೊಂಟದ ಮೇಲೆ ಹೊತ್ತು ಪಕ್ಕದ ಮನೆಗೆ ನಡೆದಳು. ನಾನು ಹಿಂದೆ ಓಡಿದೆ.

ಆಕೆ ಚೀಲ ನೋಡಿದಳು, ಗೆಳತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎಲ್ಲ ತಿಳಿಯಿತು.

"ಏನಿದು ಅಮ್ಮಾರೆ?"

"ಇದು ನಿನ್ನದು. ನನಗೆ ತಿಳೀಲಿಲ್ಲ. ತಗೋ."

"ಬ್ಯಾಡ್ರಿ."

"ನಿನ್ನದೇ ಅಲ್ವಾ ಇದು? ತಗೋ ಅಂದ್ರೆ!"

"ಬ್ಯಾಡ್ರಿ ಅಮ್ಮಾರೆ. ಹೊಲ್ದಾಗೆ ಸಿಕ್ಕಿದ್ರೆ ಭೂಮ್ತಾಯಿ ಕೊಟ್ಟಂಗೆ. ನಾ ಬಗ್ಗಿ ತಗತೀನಿ. ನಿಮ್ ಕೈಯಿಂದ ತಗಂಡ್ರೆ ನೀವು ಕೊಟ್ಟಂಗೆ ಆಗ್ತದೆ. ನಾಳಿಂದ ನಿಮ್ಮನ್ಯಾಗೆ ನಾನು ಹಿಂಗೆ ನಗಾಕಾಗ್ತೈತಾ?" ಸಿಟ್ಟಿಲ್ಲದೆ, ಮಗುವಿಗೆ ಹೇಳಿದಂತೆ ಹೇಳಿ, ಆಕೆ ಬೆತ್ತ ಹಿಡಿದು ಕುರಿಮರಿ ಬಿಡಲು ಹೋದಳು. ಹೋಗುತ್ತಾ ನ್ಯಾಯ ಮುಗಿಯಿತೆಂಬಂತೆ, "ಬಿಸಿಲಾಗೆ ನಿಂತ್ಕಬ್ಯಾಡ್ರಿ" ಎಂದಳು.

ಆ ಸವೆದ ಬಿಳಿ ತೋಳು ನನಗೆ ಥಟ್ಟನೆ ನೆನಪಾಯಿತು. ಸಿಸ್ಟರ್ ಬಟ್ಟೆ ಬೇಡ ಎಂದದ್ದೂ, ಈಕೆ ಚೀಲ ಬೇಡ ಎಂದದ್ದೂ ಕೇಳಲು ಒಂದೇ ಮಾತು. ಆದರೆ ಸಿಸ್ಟರ್ ಬೇಡ ಎಂದ ಮೇಲೂ ಅವರಿಗಾಗಿ ಕಾನ್ವೆಂಟಿನ ಊಟದ ಗಂಟೆ ಹೊಡೆಯುತ್ತಿತ್ತು. ಗೆಳತಿಗೆ ಜ್ವರ ಬಂದರೆ ಬೇವಿನ ಮರದ ಕೆಳಗೆ ಕಾರಿದೆ, ಚಳ್ಳಕೆರೆಯಲ್ಲಿ ತವರಿದೆ. ಈಕೆ ಬೇಡ ಎನ್ನುವಾಗ ಹಿಂದೆ ಇದ್ದದ್ದು ಆ ಬೋರಲು ಬಾಟಲಿ ಒಂದೇ. ಅದನ್ನಿಟ್ಟುಕೊಂಡೂ ಬೇಡ ಎಂದಳಲ್ಲ.

ಗೆಳತಿ ಚೀಲವನ್ನು ಹೊತ್ತು ವಾಪಸು ತಂದಳು. ಜಗಲಿಯ ಮೇಲಿಟ್ಟು, ಬೇವಿನ ಮರದ ಕಡೆ ನೋಡುತ್ತಾ ನಿಂತಳು. ಆ ತುಂಡಿನಲ್ಲಿ ಗಿಡಗಳು ಇನ್ನೂ ನಿಂತಿದ್ದವು, ಎಲೆ ಹಳದಿಗೆ ತಿರುಗಿ. ಮಳೆ ಹಿಂದಾಗಿ ಅಲ್ಲಿ ನೆಲ ಗಟ್ಟಿಯಾಗಿತ್ತು. ಒಣ ನೆಲದಲ್ಲಿ ಶೇಂಗಾ ಕಿತ್ತರೆ ಗಿಡವಷ್ಟೇ ಕೈಗೆ ಬಂದು, ಕಾಯಿ ಮಣ್ಣಲ್ಲೇ ಕಳಚಿ ಉಳಿಯುತ್ತದೆ. ಅದಕ್ಕೇ ಅವಳ ಯಜಮಾನರು, ಕೀಳುವ ಮುಂಚೆ ನೆಲ ನೆನೆಸಲೆಂದು ಸ್ಪ್ರಿಂಕ್ಲರ್ ಪೈಪು ತರಲು ಬೆಳಿಗ್ಗೆಯೇ ರಾಂಪುರಕ್ಕೆ ಹೋಗಿದ್ದರು.

ಅವಳು ಫೋನ್ ಮಾಡಿದಳು.

"ರೀ, ಪೈಪು ಬೇಡ."

ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಬೇಡ ಅಂದ್ರೆ? ಆಟೋಗೆ ಹೇರಿ ಆಯ್ತು! ಒಣಾ ನೆಲದಾಗೆ ಕಿತ್ರೆ ಕಾಯೆಲ್ಲ ಒಳಗೇ ಉಳೀತವೆ ಕಣೇ!"

"ಉಳೀಲಿ."

"ಉಳೀಲಿ ಅಂದ್ರೆ?"

"ಉಳೀಲಿ ಅಂದ್ರೆ ಉಳೀಲಿ. ಪೈಪು ವಾಪಸ್ ಕೊಟ್ಟು ನಿಧಾನಕ್ಕೆ ಬರ್ರಿ, ಹೇಳ್ತೀನಿ." ಫೋನ್ ಇಟ್ಟು ನನ್ನ ಕಡೆ ತಿರುಗಿದಳು. ಕಾನ್ವೆಂಟಿನಲ್ಲಿ ಸಿಸ್ಟರಿಗೆ ಬಟ್ಟೆ ಕೊಡಲು ಎದ್ದು ನಿಂತಾಗ ಇದ್ದ ಮುಖವೇ ಅದು. "ಬಾರೇ, ಎರಡು ಸಾಲು ನಾವೇ ಕಿತ್ತು ನೋಡೋಣ."

ಬಿಸಿಲು ಇಳಿಯುವವರೆಗೆ ಕಿತ್ತೆವು. ಗಿಡ ಹಿಡಿದು ಎಳೆದರೆ ಮಣ್ಣೊಳಗೆ ಟಕ್ ಟಕ್ ಎಂದು ಕಾಯಿ ಕಳಚಿಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು. ಎರಡು ಮೂರು ಕಾಯಿ ಹೊತ್ತ ಬಡಕಲು ಗಿಡ ಕೈಗೆ ಬರುತ್ತಿತ್ತು. ಪ್ರತಿ ಟಕ್‌ಗೂ ಗೆಳತಿಯ ತುಟಿಯಂಚು ಸಣ್ಣಗೆ ನಗುತ್ತಿತ್ತು. ಅಷ್ಟು ಹಿಗ್ಗಿನಿಂದ ನಷ್ಟ ಮಾಡಿಕೊಳ್ಳುವವರನ್ನು ವ್ಯಾಪಾರಸ್ಥರ ಮನೆಯ ಸೊಸೆಯಾದ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ಸಲ ಅವಳ ಕೈ ಅಭ್ಯಾಸಬಲದಿಂದ ಮಣ್ಣೊಳಗೆ ಹೋಯಿತು. ಕಾಯಿ ಸಿಕ್ಕಿತು. ಅದನ್ನು ನೋಡಿದಳು, ವಾಪಸು ಮಣ್ಣಲ್ಲಿಟ್ಟು ಮೇಲೆ ತಟ್ಟಿದಳು, ಮಗುವನ್ನು ಮಲಗಿಸಿದ ಹಾಗೆ.

ಆಮೇಲೆ ತನ್ನ ಪುಟ್ಟಿಯನ್ನು ತೆಗೆದುಕೊಂಡು ಹೋಗಿ, ಹಟ್ಟಿಗೆ ಹೋಗುವ ದಾರಿಗೆ ಕಾಣುವ ಹಾಗೆ ಬದುವಿನ ಮೇಲೆ ಬೋರಲು ಹಾಕಿದಳು. ಹಾಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಅಲ್ಲಿ ಏನಾದರೂ ಅರ್ಥವಿತ್ತೋ ಇಲ್ಲವೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಆರಿಸಿದ ಚೀಲ ಮಾತ್ರ ಜಗಲಿಯ ಮೇಲೆ ಹಾಗೇ ಕೂತಿತ್ತು.

"ಹಟ್ಟಿ ಹೆಂಗಸರು ಬರಲೇ ಇಲ್ಲ ಅಂದ್ರೆ?" ಎಂದಳು, ಬೋರಲು ಪುಟ್ಟಿಯ ಪಕ್ಕದಲ್ಲಿ ಕೂತು. "ಅಮ್ಮಾರು ಬೇಜಾರಾದ್ರು, ಹೋಗೋದು ಬೇಡ ಅಂತ ಅಂದ್ಕೊಂಡ್ರೆ? ನಾನು ಈ ಊರಲ್ಲಿ ಇರೋದು ಹೇಗೆ?"

ಅವಳ ಮಣ್ಣಿನ ಕೈಯ ಮೇಲೆ ನನ್ನ ಮಣ್ಣಿನ ಕೈ ಇಟ್ಟೆ.

ಸಂಜೆಯ ಹೊತ್ತಿಗೆ ಕುರಿಮರಿಗಳ ಧೂಳು ಕಾಣಿಸಿತು. ಅದರ ಹಿಂದೆ ಪಕ್ಕದ ಮನೆಯಾಕೆ, ಬೆತ್ತ ಹೆಗಲ ಮೇಲೆ ಅಡ್ಡ ಇಟ್ಟುಕೊಂಡು, ಒಂದು ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. ಗೆಳತಿಯ ನಾಯಿ ಎದ್ದು ನಿಂತು ಬೊಗಳಿತು. ಆಕೆ ಬದುವಿನ ಹತ್ತಿರ ನಿಂತಳು. ಬೋರಲು ಬಿದ್ದ ಪುಟ್ಟಿಯನ್ನು ನೋಡಿದಳು. ನಾವು ಕಿತ್ತ ಎರಡು ಸಾಲನ್ನು ನೋಡಿದಳು. ಬರಿಗಾಲಿನ ಹೆಬ್ಬೆರಳಿನಿಂದ ಮಣ್ಣನ್ನು ಒಂದಿಷ್ಟು ಕೆದಕಿದಳು. ಅಲ್ಲೊಂದು, ಪಕ್ಕದಲ್ಲೊಂದು ಕಾಯಿ ಬಿಳಿಚಿಕೊಂಡು ಮೇಲೆ ಬಂದವು. ಬಗ್ಗಲಿಲ್ಲ. ಕಾಲಿನಿಂದಲೇ ಮಣ್ಣು ಮುಚ್ಚಿದಳು.

ಗೆಳತಿ ಆಕೆಯ ಕಾಲನ್ನೇ ನೋಡುತ್ತಾ ಕೂತಿದ್ದಳು.

ಆಕೆ ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಹೊರಟವಳು, ಏನೋ ಮರೆತದ್ದು ನೆನಪಾದ ಹಾಗೆ ಅರ್ಧ ತಿರುಗಿ ಅಂದಳು:

"ಅಮ್ಮಾರೆ, ನಾಳಿಕ್ಕೆ ಹೊತ್ತಾರೆ ಆ ನಾಯಿನ ಒಂದೀಟು ಕಟ್ಟಾಕ್ರಿ. ನಮ್ಮೋರಾಗೆ ಕೆಲವರು ಅದಕ್ಕೆ ಭಾಳ ಹೆದರ್ತಾರೆ."